ಕಡ್ಡಿಯ ಕಣ್ಣು, ನಮ್ಮ ಕಣ್ಣು

ಕನ್ನಡ ಕಲಿಸುವವನಿಗೆ ಯಂತ್ರಗಳ ಗೊಡವೆ ಏಕೆಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಸೆಪ್ಟೆಂಬರ್ ತಿಂಗಳ ಕೊನೆಯ ವಾರದ ಒಂದು ಸಂಜೆ ಕಾಖಂಡಕಿಯಿಂದ ನನ್ನ ಸೋದರಮಾವ ದೂರವಾಣಿಯಲ್ಲಿ ಕರೆದು, "ಅಳ್ಯಾ, ಯಂತ್ರ ಕೆಟ್ಟೈತಿ. ಒಂದ್ ಕಣ್ಣ ಇಟ್ರ ಎರಡ ಕಾಣ್ತಾವ. ಐತ್ವಾರ ಕಾಲೇಜ್ ಸೂಟಿ ಅಲಾ, ಬಂದು ನೋಡು" ಎಂದು ಹೇಳಿದ ಮೇಲೆ, ಪ್ರಶ್ನೆ ಕೇಳುತ್ತ ಕುಳಿತುಕೊಳ್ಳುವ ಸ್ವಾತಂತ್ರ್ಯ ನನಗೆ ಉಳಿಯಲಿಲ್ಲ. ಸೋದರಮಾವನ ಮಾತೆಂದರೆ ನಮ್ಮ ಕಡೆ ಅರ್ಧ ಆಜ್ಞೆ.

ಅವರು ಯಂತ್ರವೆಂದದ್ದು ನೀರೆತ್ತುವ ಪಂಪನ್ನಲ್ಲ, ಔಷಧ ಸಿಂಪಡಿಸುವ ಟ್ರ್ಯಾಕ್ಟರನ್ನಲ್ಲ. ಊರಿನ ನಾಲ್ಕಾರು ದ್ರಾಕ್ಷಿ ಬೆಳೆಗಾರರು ಕೂಡಿ, ಹಣ ಹಾಕಿ, ಎರಡು ವರ್ಷಗಳ ಹಿಂದೆ ಕೊಂಡು ತಂದ ಸ್ಟೀರಿಯೊ ಜೂಮ್ ಸೂಕ್ಷ್ಮದರ್ಶಕವನ್ನು. ಎರಡು ಕಣ್ಣುಗಳಿಂದಲೂ ಒಟ್ಟಿಗೆ ನೋಡುವ, ಒಂದು ತಿರುಗಣೆಯನ್ನು ತಿರುಗಿಸಿದರೆ ವಸ್ತುವನ್ನು 7 ಪಟ್ಟಿನಿಂದ 45 ಪಟ್ಟಿನವರೆಗೆ ಎಡೆಬಿಡದೆ ದೊಡ್ಡದಾಗಿಸುತ್ತ ಹೋಗುವ ಉಪಕರಣ ಅದು.

ನನಗೂ ಅದಕ್ಕೂ ನಂಟು ಬೆಳೆದುದು ಬೇರೊಂದು ದಾರಿಯಿಂದ. ಕಾಖಂಡಕಿಯು ಮಹಿಪತಿದಾಸರ ಊರೆಂದು ಹರಿದಾಸ ಸಾಹಿತ್ಯವನ್ನು ಬಲ್ಲವರಿಗೆಲ್ಲ ಗೊತ್ತು. ಅಲ್ಲಿಯ ಗೃಹಸ್ಥರೊಬ್ಬರ ಮನೆಯಲ್ಲಿ ದಾಸರ ಹಾಡುಗಳನ್ನು ಬರೆದಿಟ್ಟಿದ್ದ ಹಳೆಯ ಕೈಬರಹದ ಪುಸ್ತಕವೊಂದನ್ನು ನಾನು ಕೆಲವು ವರ್ಷಗಳ ಹಿಂದೆ ಓದುತ್ತಿದ್ದೆ. ಹುಳುಗಳು ನನಗಿಂತ ಮೊದಲೇ ಅದನ್ನು ಓದಿ ಮುಗಿಸಿದ್ದವು. ಪುಟದ ತುಂಬ ಸಣ್ಣ ಸಣ್ಣ ತೂತುಗಳು. ಕನ್ನಡದ ಸೊನ್ನೆ ಎಂಬುದು ಎಷ್ಟು ಚಿಕ್ಕದು, ಆದರೆ ಎಷ್ಟು ದೊಡ್ಡ ಅಧಿಕಾರದ್ದು ನೋಡಿ: ಕದ ಎಂದರೆ ಬಾಗಿಲು, ನಡುವೆ ಒಂದು ಸೊನ್ನೆ ಬಿದ್ದರೆ ಕಂದ. ಕಾಗದದ ಮೇಲಿರುವುದು ಲಿಪಿಕಾರನ ಸೊನ್ನೆಯೋ, ಹುಳುವಿನ ಸೊನ್ನೆಯೋ ಎಂಬುದು ಬರಿಗಣ್ಣಿಗೆ ತಿಳಿಯದು. ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಗೆಳೆಯರು ತಮ್ಮ ಪ್ರಯೋಗಶಾಲೆಯ ಸ್ಟೀರಿಯೊ ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂಡಿಸಿದರು. ಮಸಿಯ ಸೊನ್ನೆ ಕಾಗದದ ಮೇಲೆ ಒಣಗಿದ ಕೆರೆಯ ಹಾಗೆ ಹರಡಿಕೊಂಡಿತ್ತು; ಹುಳುವಿನ ಸೊನ್ನೆ ಬಾವಿಯಂತೆ ಆಳಕ್ಕೆ ಇಳಿದಿತ್ತು. ಆಳವನ್ನು ಕಾಣಿಸುವುದೇ ಈ ಯಂತ್ರದ ಹೆಚ್ಚುಗಾರಿಕೆ. ಅಂದಿನಿಂದ ಅದರ ಹೊಂದಿಕೆ, ಶುಚಿ, ಕಾಪಾಡುವಿಕೆಗಳನ್ನು ಆ ಗೆಳೆಯರಿಂದ ಬೈಸಿಕೊಳ್ಳುತ್ತ ಕಲಿತೆ. ನನ್ನ ಮಾವನಿಗೆ ಇದಿಷ್ಟೇ ಸಾಕಾಯಿತು. ಊರಲ್ಲೆಲ್ಲ ನನ್ನನ್ನು ತಜ್ಞನೆಂದು ಹೇಳಿಬಿಟ್ಟಿದ್ದರು.

ದ್ರಾಕ್ಷಿಗೂ ಸೂಕ್ಷ್ಮದರ್ಶಕಕ್ಕೂ ಏನು ಸಂಬಂಧವೆಂಬುದನ್ನು ಪಟ್ಟಣದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಮನೆಯ ಪಾಯಸದಲ್ಲಿ ಉಬ್ಬಿ ತೇಲುವ ಒಣದ್ರಾಕ್ಷಿ ಬಹುಶಃ ನಮ್ಮ ತಿಕೋಟಾ, ಬಬಲೇಶ್ವರದ ಸೀಮೆಯಿಂದಲೇ ಬಂದಿರುತ್ತದೆ. ಕರ್ನಾಟಕದಲ್ಲಿ ದ್ರಾಕ್ಷಿಗೆ ವಿಜಯಪುರವೇ ಮೊದಲ ಜಿಲ್ಲೆ. ಇಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ಬೆಳೆಗಾರರು ಅದನ್ನು ಚಾಟ್ನಿ ಎನ್ನುತ್ತಾರೆ. ಎಪ್ರಿಲ್ ಚಾಟ್ನಿ ಕಡ್ಡಿಯನ್ನು ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣನ್ನು ಪಡೆಯಲು. ಕಡ್ಡಿಯ ಗೆಣ್ಣುಗಳಲ್ಲಿ ಕುಳಿತಿರುವ ಮೊಗ್ಗಿಗೆ ನಮ್ಮ ರೈತರು ಇಟ್ಟ ಹೆಸರು 'ಕಣ್ಣು'. ಕಬ್ಬಿಗೂ ಅದೇ ಹೆಸರು. ಎಂಥ ಒಪ್ಪುವ ಮಾತು! ಮುಚ್ಚಿಕೊಂಡಿರುವಾಗ ಅದರೊಳಗೆ ಏನಿದೆಯೋ ಹೊರಗಿನವನಿಗೆ ತಿಳಿಯದು.

ಎಪ್ರಿಲ್ ಚಾಟ್ನಿಯಾದ ಮೇಲೆ ಸುಮಾರು 40ರಿಂದ 60 ದಿನಗಳ ಅವಧಿಯಲ್ಲಿ ಈ ಕಣ್ಣುಗಳ ಒಳಗೆ ಮುಂದಿನ ಗೊಂಚಲಿನ ಹಣೆಬರಹ ಬರೆದಾಗುತ್ತದೆ. ಆ ದಿನಗಳಲ್ಲಿ ಒಳ್ಳೆಯ ಬಿಸಿಲು ಬಿದ್ದಿದ್ದರೆ ಗೊಂಚಲಿನ ಅಂಕುರ ಕಟ್ಟುತ್ತದೆ. ಮೋಡ ಕವಿದಿದ್ದರೆ, ಎಲೆಗಳ ನೆರಳು ದಟ್ಟವಾಗಿದ್ದರೆ, ಗೊಂಚಲಿನ ಬದಲು ಬರಿಯ ನುಲಿಬಳ್ಳಿ. ಎಲ್ಲ ಕಣ್ಣುಗಳೂ ಸಮನಲ್ಲ. ಥಾಮ್ಸನ್ ಸೀಡ್‌ಲೆಸ್ ಎಂಬ, ಬೀಜವಿಲ್ಲದ ಪ್ರಸಿದ್ಧ ತಳಿಯಲ್ಲಿ ಕಡ್ಡಿಯ ಬುಡದ ಕಣ್ಣುಗಳು ಹೆಚ್ಚಾಗಿ ಗೊಡ್ಡು. ಫಲ ಕೊಡುವವು ನಡುವಿನವು. ಹಾಗಾದರೆ ಅಕ್ಟೋಬರಿನಲ್ಲಿ ಕತ್ತರಿಯನ್ನು ಎಷ್ಟನೆಯ ಕಣ್ಣಿನ ಮುಂದೆ ಇಡಬೇಕು? ಐದನೆಯದರ ಮುಂದೆಯೋ, ಎಂಟನೆಯದರ ಮುಂದೆಯೋ? ಗೊಂಚಲು ಇರುವ ಕಣ್ಣನ್ನೇ ಕತ್ತರಿಸಿ ಚೆಲ್ಲಿ, ಗೊಡ್ಡು ಕಣ್ಣಿಗೆ ಮೊಳಕೆ ಒಡೆಸುವ ಔಷಧವನ್ನು ಲೇಪಿಸಿದರೆ ಬಳ್ಳಿ ಹಚ್ಚಹಸುರಾಗಿ ಚಿಗುರುತ್ತದೆ. ಹಣ್ಣು ಮಾತ್ರ ಇಲ್ಲ. ವರ್ಷದ ದುಡಿಮೆ, ಬ್ಯಾಂಕಿನ ಸಾಲ, ಮಗಳ ಮದುವೆಯ ಮಾತು, ಎಲ್ಲವೂ ಆ ಒಂದು ಕತ್ತರಿಯ ತುದಿಯಲ್ಲಿ ನಿಂತಿರುತ್ತವೆ. ಅದಕ್ಕಾಗಿಯೇ ಚಾಟ್ನಿಗೆ ಮೊದಲು ತೋಟದ ಬೇರೆ ಬೇರೆ ಮೂಲೆಗಳಿಂದ ಹತ್ತಿಪ್ಪತ್ತು ಕಡ್ಡಿಗಳನ್ನು ತಂದು, ಒಂದೊಂದೇ ಕಣ್ಣನ್ನು ಬ್ಲೇಡಿನಿಂದ ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುವ ಪದ್ಧತಿ ಬಂದಿದೆ.

ನನ್ನ ಮಾವ ಹಿಂದಿನ ವರ್ಷವೂ ನೋಡಿಸಿದ್ದರು. ನೋಡಿದವನು ಅವರ ಮಗನೇ. ಅವನು ಹೇಳಿದ ಕಣ್ಣಿಗೆ ಕತ್ತರಿ ಇಟ್ಟರು. ನಾಲ್ಕು ಎಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳ್ಳಿ ಗೊಡ್ಡಾಯಿತು. ಅಂದಿನಿಂದ ತಂದೆ ಮಗನ ನಡುವೆ ಮಾತು ಕಡಿಮೆ. ಬಯ್ದಿದ್ದರೆ ಹಗುರಾಗುತ್ತಿತ್ತು, ಮಾವ ಬಯ್ಯಲಿಲ್ಲ. ದೂರವಾಣಿಯಲ್ಲಿ "ಯಂತ್ರ ಕೆಟ್ಟೈತಿ" ಎಂದಾಗ ಅವರು ಹೇಳಲಾರದೆ ಉಳಿಸಿಕೊಂಡ ಮಾತು ನನಗೆ ಕೇಳಿಸಿತ್ತು.

ಭಾನುವಾರ ಬೆಳಿಗ್ಗೆ ಹೋದೆ. ಮಳೆ ಬಿದ್ದು ನಿಂತಿದ್ದ ದಿನ. ಎರೆಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಗಿತ್ತು. ಯಂತ್ರವನ್ನು ತೋಟದ ಕೋಣೆಯಲ್ಲಿ, ಗಂಧಕದ ಚೀಲಗಳ ಪಕ್ಕದಲ್ಲಿ, ಹಳೆಯ ಗೋಣಿತಟ್ಟು ಹೊದಿಸಿ ಇಟ್ಟಿದ್ದರು. ಅದರ ಮೇಲೆ ನನಗೆ ಕರುಣೆ ಬಂದಿತು. ಮೊದಲು ಅದನ್ನು ಎತ್ತಿಕೊಂಡು ಮನೆಯ ಪಡಸಾಲೆಗೆ ತಂದೆವು. ಎತ್ತುವಾಗ ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈ ಅಡಿಪೀಠದ ಕೆಳಗೆ ಇರಬೇಕು. ಮಗುವನ್ನು ಕುತ್ತಿಗೆ ಹಿಡಿದು ಯಾರೂ ಎತ್ತುವುದಿಲ್ಲವಷ್ಟೆ?

ಯಂತ್ರದ ಮೈಯನ್ನು ತಿಳಿಯದೆ ಅದರ ಬೇನೆ ತಿಳಿಯದು. ನಮಗೆ ಎರಡು ಕಣ್ಣುಗಳಿರುವುದು ಒಂದು ಹೋದರೆ ಇನ್ನೊಂದಿರಲಿ ಎಂದಲ್ಲ. ಎರಡೂ ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕೋನಗಳಿಂದ ನೋಡುತ್ತವೆ. ಆ ಎರಡು ಚಿತ್ರಗಳನ್ನು ಮಿದುಳು ಕೂಡಿಸಿ ಆಳವನ್ನು ಅರಿಯುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಪ್ರಯೋಗಸಹಿತವಾಗಿ ತೋರಿಸಿದನು. ಎರಡು ಕೊಳವೆಗಳ ಸೂಕ್ಷ್ಮದರ್ಶಕವನ್ನು ಅದಕ್ಕೂ ಬಹು ಹಿಂದೆ, 17ನೆಯ ಶತಮಾನದಲ್ಲಿಯೇ, ಫ್ರಾನ್ಸಿನ ಶೆರುಬಿನ್ ಎಂಬ ಸಂನ್ಯಾಸಿ ಮಾಡಿದ್ದನು. ಆದರೆ ಅದು ನಿಜವಾದ ಆಳವನ್ನು ಕಾಣಿಸುತ್ತಿರಲಿಲ್ಲ. 1890ರ ದಶಕದಲ್ಲಿ ಗ್ರೀನೋ ಎಂಬ ಅಮೆರಿಕದ ಜೀವಶಾಸ್ತ್ರಜ್ಞನ ಸಲಹೆಯಂತೆ ಜರ್ಮನಿಯ ಯೇನಾ ನಗರದ ಝೈಸ್ ಕಾರ್ಖಾನೆಯವರು ಎರಡು ಪೂರ್ಣ ಕೊಳವೆಗಳನ್ನು ಒಂದಕ್ಕೊಂದು ಓರೆಯಾಗಿ ಜೋಡಿಸಿ, ನಡುವೆ ಪ್ರಿಸಮ್ಮುಗಳನ್ನು ಇಟ್ಟು, ಚಿತ್ರವು ತಲೆಕೆಳಗಾಗದಂತೆ ಮಾಡಿದರು. ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸೂಜಿಯನ್ನು ಬಲಕ್ಕೆ ಸರಿಸಿದರೆ ಎಡಕ್ಕೆ ಹೋದಂತೆ ಕಾಣುತ್ತದೆ, ಇದರಲ್ಲಿ ಹಾಗಿಲ್ಲ. ವಸ್ತುವಿಗೂ ಮಸೂರಕ್ಕೂ ನಡುವೆ ಸುಮಾರು 10 ಸೆಂಟಿಮೀಟರ್ ತೆರವು ಬೇರೆ. ಆದ್ದರಿಂದಲೇ ಗಡಿಯಾರ ರಿಪೇರಿಯವರು, ಶಸ್ತ್ರವೈದ್ಯರು, ಕೀಟಶಾಸ್ತ್ರಜ್ಞರು ಇದರ ಕೆಳಗೆ ಕೈಕೆಲಸ ಮಾಡಬಲ್ಲರು. ನಡುವೆ ನಿಲ್ಲದೆ ಹಿಗ್ಗಿ ಕುಗ್ಗುವ ಜೂಮ್ ಬಂದದ್ದು 1959ರಲ್ಲಿ, ಅಮೆರಿಕದ ಬಾಶ್ ಅಂಡ್ ಲಾಂಬ್ ಕಂಪನಿಯಿಂದ. ಇತಿಹಾಸ ಇಷ್ಟು ಸಾಕು.

ಮಾವ ಪಡಸಾಲೆಯಲ್ಲಿ ಕುಳಿತು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಇಣುಕಿ ತೋರಿಸಿದರು. "ಹಿಂಗ ನೋಡಿದ್ರ ಏನೋ ಒಂದೀಟು ಕಾಣತೈತಿ. ಎರಡೂ ಇಟ್ರ ತಲಿ ಸುತ್ತತೈತಿ." ಅವರ ಮಗನನ್ನು ಕರೆದು, ಹಿಂದಿನ ವರ್ಷ ಹೇಗೆ ನೋಡಿದೆಯಪ್ಪಾ ಎಂದು ಕೇಳಿದೆ. ಅವನೂ ಹಾಗೆಯೇ ಕುಳಿತು ಒಂದು ಕಣ್ಣು ಮುಚ್ಚಿದನು. ನನಗೆ ಅರ್ಧ ಸಂಗತಿ ಅಲ್ಲಿಯೇ ತಿಳಿಯಿತು. ಎರಡು ಕಣ್ಣಿನ ಯಂತ್ರಕ್ಕೆ ಹಣ ಕೊಟ್ಟು ಇವರೆಲ್ಲ ಒಂದೇ ಕಣ್ಣಿನಿಂದ ನೋಡುತ್ತಿದ್ದರು. ಕಡ್ಡಿಯ ಕಣ್ಣಿನೊಳಗೆ ಗೊಂಚಲಿನ ಅಂಕುರ ಗುಡ್ಡಗುಡ್ಡವಾಗಿ, ಪುಟ್ಟ ದ್ರಾಕ್ಷಿಗೊನೆಯಂತೆಯೇ ಉಬ್ಬಿರುತ್ತದೆ. ನುಲಿಬಳ್ಳಿಯ ಅಂಕುರ ಸಣ್ಣಗೆ ಕವಲೊಡೆದು ಸುಮ್ಮನಾಗಿರುತ್ತದೆ. ಉಬ್ಬು ತಗ್ಗುಗಳು ಕಾಣದಿದ್ದರೆ ಎರಡೂ ಬಿಳಿಯ ಚುಕ್ಕೆಗಳೇ. ನನ್ನ ಸೊನ್ನೆಯ ಪೇಚಾಟವೇ ಇಲ್ಲಿ ಬೇರೆ ವೇಷದಲ್ಲಿ ಬಂದಿತ್ತು.

ಕ್ಯಾಲೆಂಡರಿನ ಒಂದು ಹಾಳೆಯನ್ನು ಹರಿದು ಮಸೂರದ ಕೆಳಗೆ ಇಟ್ಟೆ. ಹೊಂದಿಸುವಾಗ ಚಪ್ಪಟೆಯಾದ, ಅಚ್ಚಿನ ಅಕ್ಷರವಿರುವ ವಸ್ತುವೇ ಒಳ್ಳೆಯದು. ಮೊದಲನೆಯ ಕೆಲಸ ಎರಡು ನೇತ್ರಮಸೂರಗಳ ನಡುವಿನ ದೂರವನ್ನು ನೋಡುವವನ ಕಣ್ಣಪಾಪೆಗಳ ದೂರಕ್ಕೆ ತರುವುದು. ದೊಡ್ಡವರಲ್ಲಿ ಈ ದೂರ ಹೆಚ್ಚಾಗಿ 55ರಿಂದ 75 ಮಿಲಿಮೀಟರ್. ಒಬ್ಬರದು ಇನ್ನೊಬ್ಬರಿಗೆ ಸರಿಹೋಗದು. ಕೊಳವೆಗಳನ್ನು ಪುಸ್ತಕ ತೆರೆದು ಮುಚ್ಚಿದಂತೆ ನಿಧಾನವಾಗಿ ಅಗಲಿಸುತ್ತ ಕೂಡಿಸುತ್ತ ಹೋದರೆ ಒಂದೆಡೆ ಎರಡು ಬೆಳಕಿನ ವೃತ್ತಗಳು ಸೇರಿ ಒಂದೇ ವೃತ್ತವಾಗುತ್ತವೆ. ಆಗ ನಿಲ್ಲಿಸಬೇಕು. ಮಾವನ 'ಎರಡೆರಡು' ಅರ್ಧ ಮಾಯವಾದುದು ಇಷ್ಟರಿಂದಲೇ. ಉಳಿದರ್ಧಕ್ಕೆ ಕಾರಣ ಎಡಗಡೆಯ ನೇತ್ರಮಸೂರ: ಯಾರೋ ಅದನ್ನು ತೆಗೆದು ಮತ್ತೆ ಇಡುವಾಗ ಪೂರ್ತಿ ಇಳಿಸಿರಲಿಲ್ಲ, ಓರೆಯಾಗಿ ಕುಳಿತಿತ್ತು. ಅದರ ಸಣ್ಣ ತಿರುಪನ್ನು ಸಡಿಲಿಸಿ, ತಳಮುಟ್ಟ ಕೂಡಿಸಿ, ಬಿಗಿದೆ.

ಎರಡನೆಯದು ಡಯಾಪ್ಟರ್ ಉಂಗುರಗಳ ಹೊಂದಿಕೆ. ಎಲ್ಲರೂ ಎಡವುವುದು ಇಲ್ಲಿಯೇ. ಪ್ರತಿ ನೇತ್ರಮಸೂರದ ಸುತ್ತ ಸೊನ್ನೆ, ಕೂಡು, ಕಳೆ ಗುರುತುಗಳಿರುವ ಉಂಗುರವಿದೆ. ನಮ್ಮ ಎರಡು ಕಣ್ಣುಗಳ ನಡುವಿನ ದೃಷ್ಟಿಭೇದವನ್ನು ಸರಿದೂಗಿಸುವುದು ಅದರ ಕೆಲಸ. ಎರಡನ್ನೂ ಸೊನ್ನೆಗೆ ತಂದು, ಜೂಮ್ ತಿರುಗಣೆಯನ್ನು ಅತಿ ಹೆಚ್ಚಿನ ಪಟ್ಟಿಗೆ ಒಯ್ದು, ಬದಿಯ ದೊಡ್ಡ ಗುಬ್ಬಿಗಳನ್ನು ತಿರುಗಿಸಿ ಅಕ್ಷರ ಸ್ಪಷ್ಟವಾಗುವಂತೆ ಮಾಡಬೇಕು. ಬಳಿಕ ಆ ಗುಬ್ಬಿಗಳನ್ನು ಮುಟ್ಟಲೇಬಾರದು. ಜೂಮನ್ನು ಅತಿ ಕಡಿಮೆ ಪಟ್ಟಿಗೆ ಇಳಿಸಿ, ಒಂದೊಂದೇ ಕಣ್ಣಿನಿಂದ ನೋಡುತ್ತ, ಆಯಾ ಉಂಗುರವನ್ನು ಮೊದಲು ಕೂಡುಗುರುತಿನ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಮೆಲ್ಲಗೆ ಹಿಂದಕ್ಕೆ ತರುತ್ತ, ಅಕ್ಷರ ಮೊದಲ ಸಲ ಸ್ಪಷ್ಟವಾದಲ್ಲಿ ನಿಲ್ಲಿಸಬೇಕು. ಇನ್ನೂ ಮುಂದೆ ತಿರುಗಿಸಿದರೂ ಅಕ್ಷರ ಸ್ಪಷ್ಟವಾಗಿಯೇ ಇರುತ್ತದೆ. ಆದರೆ ಆಗ ದುಡಿಯುವುದು ಯಂತ್ರವಲ್ಲ, ನಿಮ್ಮ ಕಣ್ಣಿನ ಸ್ನಾಯು. ಅರ್ಧ ಗಂಟೆಯ ತಲೆನೋವಿನ ಮೂಲ ಅದು. ನೋಡದ ಕಣ್ಣನ್ನು ಬಿಗಿದು ಮುಚ್ಚುವುದೂ ತಪ್ಪು. ತೆರೆದೇ ಇರಿಸಿ ಅಂಗೈಯನ್ನು ಅಡ್ಡ ಹಿಡಿದರೆ ಸಾಕು. ಮತ್ತೆ ಮೇಲಿನ ಪಟ್ಟಿಗೆ ಹೋಗಿ ಗುಬ್ಬಿಯಿಂದ ತುಸು ತಿದ್ದಿ, ಕೆಳಗೆ ಬಂದು ಉಂಗುರದಿಂದ ತುಸು ತಿದ್ದಿ, ಹೀಗೆ ಎರಡು ಮೂರು ಸಲ ಮಾಡಿದರೆ ಕಡೆಗೆ ಏಳರಿಂದ ನಲವತ್ತೈದರವರೆಗೆ ಜೂಮನ್ನು ಎಲ್ಲಿಗೆ ತಿರುಗಿಸಿದರೂ ಚಿತ್ರ ಕದಡುವುದಿಲ್ಲ.

ಮೇಲೆ ಗುಬ್ಬಿ, ಕೆಳಗೆ ಉಂಗುರ ಎಂಬ ಈ ಕ್ರಮವೇಕೆ? ಹೆಚ್ಚಿನ ಪಟ್ಟಿನಲ್ಲಿ ವಸ್ತುವಿನ ತೆಳುವಾದ ಒಂದು ಪದರ ಮಾತ್ರ ಸ್ಪಷ್ಟವಾಗಿ ಕಾಣುವುದರಿಂದ, ವಸ್ತುವಿಗೂ ಮಸೂರಕ್ಕೂ ಇರಬೇಕಾದ ದೂರ ಅಲ್ಲಿ ಕರಾರುವಾಕ್ಕಾಗಿ ಸಿಕ್ಕುತ್ತದೆ. ಕಡಿಮೆ ಪಟ್ಟಿನಲ್ಲಿ ಅದಕ್ಕೆ ವಿರುದ್ಧ: ವಸ್ತು ಸ್ವಲ್ಪ ಹಿಂದೆಮುಂದೆ ಇದ್ದರೂ ನಡೆಯುತ್ತದೆ, ಆದರೆ ನೇತ್ರಮಸೂರದ ತಪ್ಪು ಕೂಡಲೇ ಹೊರಬೀಳುತ್ತದೆ. ಒಂದೊಂದು ದೋಷವನ್ನು ಅದು ಎದ್ದು ಕಾಣುವ ಜಾಗದಲ್ಲಿ ಹಿಡಿಯುವ ಉಪಾಯವಿದು. ನಡುವಿನ ಪಟ್ಟಿನಲ್ಲಿ ಎರಡನ್ನೂ ತಿರುಗಿಸುತ್ತ ಕುಳಿತವನಿಗೆ ಎರಡೂ ಸಿಕ್ಕುವುದಿಲ್ಲ.

ಕನ್ನಡಕದವರ ಪ್ರಶ್ನೆ ಬೇರೆ. ಬರಿಯ ದೂರದೃಷ್ಟಿ, ಸಮೀಪದೃಷ್ಟಿಗಳ ದೋಷವಿದ್ದವರು ಕನ್ನಡಕ ತೆಗೆದು ನೋಡಬಹುದು. ಉಂಗುರವೇ ಅದನ್ನು ತುಂಬಿಕೊಡುತ್ತದೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆದಿದ್ದವರು ಮಾತ್ರ ಅದನ್ನು ಹಾಕಿಕೊಂಡೇ, ನೇತ್ರಮಸೂರದ ರಬ್ಬರ್ ಬಟ್ಟಲನ್ನು ಹೊರಕ್ಕೆ ಮಡಿಸಿ ನೋಡಬೇಕು.

ಮಾವನ ಬಲಗಣ್ಣಿಗೆ ಪೊರೆಯ ಶಸ್ತ್ರಕ್ರಿಯೆಯಾಗಿದೆ. ಎಡಗಣ್ಣಿನದು ಇನ್ನೂ ಬಾಕಿ. ಅವರ ಉಂಗುರಗಳು ನಿಂತದ್ದು ಬಲಕ್ಕೆ ಸೊನ್ನೆಯ ಮೇಲೆ, ಎಡಕ್ಕೆ ಕಳೆ ಎರಡರ ಮೇಲೆ. ಮಗನದು ಎರಡೂ ಕಡೆ ಕಳೆ ಒಂದೂವರೆ. ಎರಡು ವರ್ಷ ಇವರಿಬ್ಬರೂ, ಊರಿನ ಇತರರೂ, ಯಂತ್ರವನ್ನು ಜೋಡಿಸಿಟ್ಟ ಮೊದಲ ದಿನ ಅಂಗಡಿಯಾತ ತನ್ನ ಕಣ್ಣಿಗೆ ಹೊಂದಿಸಿದ ಉಂಗುರಗಳಿಂದಲೇ ನೋಡುತ್ತಿದ್ದರು! ಅನ್ಯರ ಚಪ್ಪಲಿಯಲ್ಲಿ ಊರೆಲ್ಲ ನಡೆದಂತೆ. ಕಾಲಾದರೆ ಕೂಡಲೇ ದೂರುತ್ತದೆ. ಕಣ್ಣು ಬಹಳ ಹೊತ್ತು ಸಹಿಸಿಕೊಂಡು, ಕಡೆಗೆ ಒಂದನ್ನು ಮುಚ್ಚಿಕೊಂಡು ಸುಮ್ಮನಾಗುತ್ತದೆ.

ಹೊಂದಿಸಿದ ಮೇಲೂ ಮುಗಿಯಲಿಲ್ಲ. ಬದಿಯ ಗುಬ್ಬಿಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಕೇಳುತ್ತ ಹೋದಾಗ ಕಥೆ ಹೊರಬಂದಿತು. ಹಿಂದಿನ ಬೇಸಿಗೆಯಲ್ಲಿ ಗುಬ್ಬಿ ಬಿಗಿಯಾಯಿತೆಂದು ಯಾರೋ ಪುಣ್ಯಾತ್ಮರು ಅಡುಗೆಮನೆಯ ಕುಸುಬಿ ಎಣ್ಣೆಯನ್ನು ಬಿಟ್ಟಿದ್ದರು. ಎರಡು ದಿನ ಗುಬ್ಬಿ ಜಾರಿತು. ಎಷ್ಟು ಜಾರಿತೆಂದರೆ ಯಂತ್ರದ ತಲೆ ತಾನಾಗಿ ಕೆಳಗಿಳಿಯತೊಡಗಿ, ನೋಡುತ್ತಿದ್ದ ಹಾಗೆಯೇ ಚಿತ್ರ ಮಸುಕಾಗುತ್ತಿತ್ತು. ಆಗ ಮಗನು ಗುಬ್ಬಿಯ ಒಳಬದಿಯಲ್ಲಿರುವ ಬಿಗಿತದ ಬಳೆಯನ್ನು ಬಲವಾಗಿ ತಿರುಗಿಸಿದನು. ಅಷ್ಟರಲ್ಲಿ ಎಣ್ಣೆ ಒಣಗಿ ಅಂಟಾಯಿತು. ಕುಸುಬಿ ಎಣ್ಣೆ ನಾಲಿಗೆಗೆ ಹಿತ, ಹೃದಯಕ್ಕೆ ಒಳ್ಳೆಯದೆಂದೂ ಹೇಳುವರು. ಆದರೆ ಗಾಳಿಗೆ ತೆಳುವಾಗಿ ಹರಡಿದರೆ ಒಣಗಿ ಗಟ್ಟಿಯಾಗುವ ಜಾತಿ ಅದು. ಅದನ್ನು ಕಾಯಿಸಿ ಮಂದ ಮಾಡಿ, ನೀರಿಗೆ ಸಿಕ್ಕುವ ತೊಗಲಿನ ವಸ್ತುಗಳಿಗೆ, ಬಾವಿಯ ಹಗ್ಗಗಳಿಗೆ ಬಳಿಯುತ್ತಿದ್ದುದೂ ಈ ಗುಣದಿಂದಲೇ. ಹೊಲಿಗೆ ಯಂತ್ರದ ಎಣ್ಣೆಯೂ ಇಲ್ಲಿಗೆ ಸಲ್ಲದು. ತೆಳುವಾದ ಎಣ್ಣೆ ಹರಿದುಹೋಗಿ ಮಸೂರಗಳ ಮೇಲೆ ಕೂಡುತ್ತದೆ. ಇದರ ಹಲ್ಲುಗಳಿಗೆ ಬೇಕಾದದ್ದು ಹರಿಯದ, ಮಂದವಾದ ಗ್ರೀಸು. ಅದೂ ವರ್ಷಗಟ್ಟಲೆಗೆ ಒಮ್ಮೆ.

ಬಳೆಯನ್ನು ಸಡಿಲಿಸಿದೆ. ಹೊರಗೆ ಕಾಣುವ ಅಂಟನ್ನು ಹತ್ತಿ ಸುತ್ತಿದ ಕಡ್ಡಿಗೆ ಒಂದೆರಡು ತೊಟ್ಟು ಸ್ಪಿರಿಟ್ ಹಚ್ಚಿ, ಮಸೂರಗಳಿಗೆ ತಾಗದಂತೆ ತೆಗೆದೆ. ಗುಬ್ಬಿ ಗೊಣಗುತ್ತಲೇ ತಿರುಗಿತು. ತಲೆ ತಾನಾಗಿ ಇಳಿಯದಷ್ಟು, ಬೆರಳಿಗೆ ಭಾರವಾಗದಷ್ಟು ಬಿಗಿಯನ್ನು ಮತ್ತೆ ಕೊಟ್ಟೆ. ಒಳಗಿನ ಅಂಟನ್ನು ನಾನು ಮುಟ್ಟಲಿಲ್ಲ. ಚಾಟ್ನಿ ಮುಗಿದ ಮೇಲೆ ಉಪಕರಣಗಳನ್ನು ಬಿಚ್ಚಿ ಜೋಡಿಸಬಲ್ಲವರಲ್ಲಿ ಕಳುಹಿಸಬೇಕೆಂದು ಹೇಳಿದೆ. ತಿರುಪುಳಿ ಕೈಗೆ ಸಿಕ್ಕಿದ ಕೂಡಲೇ ಎಲ್ಲ ತಿರುಪುಗಳನ್ನೂ ಬಿಚ್ಚಬೇಕೆನಿಸುವುದು ಗಂಡಸರಿಗೆ ಬಾಲ್ಯದಿಂದ ಬಂದ ರೋಗ. ಈ ಯಂತ್ರದೊಳಗಿನ ಪ್ರಿಸಮ್ಮುಗಳು ಕೂದಲೆಳೆಯಷ್ಟು ಸರಿದರೂ ಎರಡು ಕೊಳವೆಗಳು ಬೇರೆ ಬೇರೆ ಜಾಗವನ್ನು ನೋಡತೊಡಗುತ್ತವೆ. ಯಂತ್ರ ಮೇಜಿನಿಂದ ಬಿದ್ದಾಗ ಆಗುವುದೂ ಇದೇ. ಪರೀಕ್ಷೆ ಸುಲಭ: ಕಾಗದದ ಮೇಲಿನ ಒಂದು ಚುಕ್ಕೆಯನ್ನು ನಡುವಿಗೆ ತಂದು ಒಂದೊಂದೇ ಕಣ್ಣಿನಿಂದ ನೋಡಿ, ಎರಡರಲ್ಲಿಯೂ ಅದು ಒಂದೇ ಸ್ಥಳದಲ್ಲಿದ್ದರೆ ಕ್ಷೇಮ, ಒಂದರಲ್ಲಿ ಬದಿಗೆ ಸರಿದಿದ್ದರೆ ಮನೆಯ ಮದ್ದು ಇಲ್ಲ. ನಮ್ಮದು ಕ್ಷೇಮವಾಗಿತ್ತು.

ಇನ್ನು ಶುಚಿ. ಈ ಮಾತು ದ್ರಾಕ್ಷಿ ತೋಟವಿಲ್ಲದ ನಿಮಗೂ ಸಲ್ಲುತ್ತದೆ. ಮನೆಯಲ್ಲಿ ಕ್ಯಾಮರಾ, ದುರ್ಬೀನು, ಕನ್ನಡಕ ಯಾವುದಾದರೊಂದು ಇದ್ದೇ ಇರುತ್ತದಷ್ಟೆ. ಮಾವ ಮಾತಿನ ನಡುವೆ ಧೋತರದ ಚುಂಗನ್ನು ಹಿಡಿದು ಮಸೂರವನ್ನು ಒರೆಸಲು ಬಾಗಿದರು. ನಾನು ಹಿರಿಯರೆಂಬುದನ್ನೂ ಮರೆತು ಅವರ ಕೈ ಹಿಡಿದೆ. ಮಸೂರದ ಮೇಲೆ ಬೆಳಕು ಪ್ರತಿಫಲಿಸದಿರಲೆಂದು ಹಚ್ಚಿರುವ ಲೇಪದ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು. ಧೂಳಿನಲ್ಲಿರುವ ಮರಳಿನ ಕಣಗಳು ಗಾಜನ್ನೇ ಗೀಚಬಲ್ಲವು. ಒಣಬಟ್ಟೆಯಿಂದ ಒರೆಸುವುದೆಂದರೆ ಉಸುಕಿನ ಕಾಗದದಿಂದ ತಿಕ್ಕಿದಂತೆಯೇ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಬೇಕು. ಬಾಯಿಂದ ಊದಿದರೆ ಉಗುಳೂ ಹೋಗುತ್ತದೆ. ಹೋಗದ ಧೂಳಿಗೆ ಮೃದುವಾದ ಕುಂಚ. ಅದರ ಕೂದಲನ್ನು ಬೆರಳಿಂದ ಮುಟ್ಟಿದಿರೋ, ಬೆರಳಿನ ಜಿಡ್ಡೆಲ್ಲ ಅದಕ್ಕೆ. ಬೆರಳಚ್ಚು, ಕಣ್ರೆಪ್ಪೆಯ ಜಿಡ್ಡು ಇದ್ದರೆ ಮಾತ್ರ ಮಸೂರದ ಕಾಗದಕ್ಕೆ ಒಂದು ತೊಟ್ಟು ದ್ರಾವಣವನ್ನು ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ, ಒತ್ತದೆ ಒರೆಸಬೇಕು. ತೊಟ್ಟು ಕಾಗದಕ್ಕೆ, ಗಾಜಿಗಲ್ಲ. ಗಾಜಿಗೆ ಹಾಕಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಒಂದು ಕಾಗದ ಒಂದೇ ಸಲ.

ಕೊಳೆ ಎಲ್ಲಿದೆ ಎಂಬುದನ್ನು ಯಂತ್ರವೇ ಹೇಳುತ್ತದೆ. ನೋಡುತ್ತ ನೇತ್ರಮಸೂರವನ್ನು ಅದರ ಜಾಗದಲ್ಲಿಯೇ ತಿರುಗಿಸಿ. ಕಪ್ಪುಚುಕ್ಕೆಯೂ ತಿರುಗಿದರೆ ಕೊಳೆ ಅದರದು. ಕೆಳಗಿನ ವಸ್ತುವನ್ನು ಸರಿಸಿದಾಗ ಚುಕ್ಕೆಯೂ ಸರಿದರೆ ಅದು ವಸ್ತುವಿನದು. ಎರಡಕ್ಕೂ ಅಲುಗದೆ, ಚಿತ್ರವೆಲ್ಲ ಮಂಜು ಮಂಜಾದರೆ ಕೆಳಗಿನ ಮಸೂರವನ್ನು ನೋಡಿ. ಮಾವನ ಯಂತ್ರದಲ್ಲಿ ಆ ಮಸೂರದ ಮೇಲೆ ಔಷಧದ ಹನಿ ಒಣಗಿ ಬೆಳ್ಳಗಿನ ಕಲೆ ಕಟ್ಟಿತ್ತು. ಮೂರು ಕಾಗದ ಹಿಡಿಯಿತು.

ಕರಾವಳಿ, ಮಲೆನಾಡಿನವರಿಗೆ ಧೂಳಿಗಿಂತ ಬೂಷ್ಟಿನ ಭಯ ಹೆಚ್ಚು. ತೇವದಲ್ಲಿ ಮಸೂರದ ಮೇಲೆ ಜೇಡರಬಲೆಯಂತೆ ಬೂಷ್ಟು ಹಬ್ಬಿ, ಲೇಪವನ್ನು ತಿಂದು, ಅಳಿಸಲಾಗದ ಗುರುತು ಬಿಡುತ್ತದೆ. ಅಲ್ಲಿಯವರು ದುರ್ಬೀನನ್ನು ತೊಗಲಿನ ಚೀಲದಲ್ಲಿ ಕಟ್ಟಿ ಕಪಾಟಿನ ಮೂಲೆಗೆ ತಳ್ಳದೆ, ಸಿಲಿಕಾ ಹರಳುಗಳಿರುವ ಡಬ್ಬಿಯಲ್ಲಿ ಇಡುವುದು ಲೇಸು. ನೀಲಿ ಹರಳು ತೇವ ಹೀರಿ ಗುಲಾಬಿಯಾದಾಗ ಹದವಾಗಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ನಮ್ಮ ಬಿಸಿಲುನಾಡಿಗೆ ಒಂದು ಹೊದಿಕೆ, ಒಂದು ಒಣಕೋಣೆ ಸಾಕು. ಗಂಧಕದ ನೆರೆ ಮಾತ್ರ ಬೇಡ. ನೇತ್ರಮಸೂರವನ್ನು ಕಿತ್ತು ಕೊಳವೆಯನ್ನು ಬಾಯ್ದೆರೆದು ಬಿಡುವುದಂತೂ ಎಲ್ಲಿಯೂ ಕೂಡದು. ಬಿದ್ದ ಧೂಳು ನೇರವಾಗಿ ಪ್ರಿಸಮ್ಮಿನ ಮೇಲೆ.

ಊಟವಾದ ಮೇಲೆ ಕಡ್ಡಿಗಳನ್ನು ತಂದರು. ದೀಪವನ್ನು ನೇರವಾಗಿ ಮೇಲಿನಿಂದ ಬಿಡದೆ ಒಂದು ಬದಿಯಿಂದ ಓರೆಯಾಗಿ ಬಿಟ್ಟೆವು. ನೆರಳು ಬಿದ್ದರೆ ಉಬ್ಬು ಎದ್ದು ಕಾಣುತ್ತದೆ. ಮಗನು ಬ್ಲೇಡಿನಿಂದ ಕಣ್ಣನ್ನು ಸೀಳಿ ಕೆಳಗಿಟ್ಟು, ಉಂಗುರಗಳನ್ನು ತನ್ನ ಗುರುತಿಗೆ ತಿರುಗಿಸಿ, ಎರಡೂ ಕಣ್ಣುಗಳಿಂದ ಇಣುಕಿದನು. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಲೆ ಎತ್ತದೆಯೇ, "ಭಾವಾ, ಹ್ವಾದ ವರ್ಷ ನಾ ನೋಡಿದ್ದು ಇದಲ್ಲ" ಎಂದನು. ಅವನು ಹಿಂದಿನ ವರ್ಷ ನುಲಿಬಳ್ಳಿಯನ್ನು ಗೊಂಚಲೆಂದು ಓದಿದನೋ, ಅಥವಾ ಜೂನ್ ತಿಂಗಳ ಮೋಡಗಳೇ ಬೆಳೆಯನ್ನು ನುಂಗಿದವೋ, ಈಗ ಯಾರೂ ನಿರ್ಣಯಿಸಲಾರರು; ಎರಡೂ ಸೇರಿರಬಹುದೆಂದು ನನ್ನ ಊಹೆ. ನಾನು ಅದನ್ನು ಮಾವನ ಎದುರಿಗೇ ಹೇಳಿದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮಗನ 'ಕಳೆ ಒಂದೂವರೆ'ಯನ್ನು ತಾವೇ ತಮ್ಮ ಸೊನ್ನೆ, ಕಳೆ ಎರಡಕ್ಕೆ ತಿರುಗಿಸಿಕೊಂಡು ನೋಡಲು ಕುಳಿತರು.

ಸಂಜೆಯವರೆಗೆ 20 ಕಡ್ಡಿಗಳಾದವು. ಅತ್ತೆ ಚಹಾ ತಂದವರು ನಿಂತು, "ನಮಗೊಂದೀಟ ತೋರಸ್ರಿ ಅಳಿಯಂದ್ರ" ಎಂದರು. ಅವರಿಗೂ ಹೊಂದಿಸಿದೆವು: ಬಲಕ್ಕೆ ಕೂಡು ಒಂದು, ಎಡಕ್ಕೆ ಕೂಡು ಅರ್ಧ. ತಂದೆ ಮಗ ಇಬ್ಬರೂ ಸಂಶಯಪಟ್ಟು ಬದಿಗಿಟ್ಟಿದ್ದ ಮೂರು ತುಂಡುಗಳಲ್ಲಿ ಎರಡನ್ನು ಅವರು ನೋಡಿದೊಡನೆ, "ಇದು ಗೊನಿ ಅಲ್ಲ ಬಿಡ್ರಿ, ಬರೇ ಬಳ್ಳಿ" ಎಂದು ತೀರ್ಪಿತ್ತರು. ಜೋಳದಲ್ಲಿ ಹರಳು ಆರಿಸಿದ ಕಣ್ಣುಗಳವು. ಎಲ್ಲರ ಅಂಕೆಗಳನ್ನೂ ಮಗನು ಪಡಸಾಲೆಯ ಗೋಡೆಯ ಮೇಲೆ ಸುಣ್ಣದ ಬಳಪದಿಂದ ಸಾಲಾಗಿ ಬರೆದನು. ಲೆಕ್ಕ ಕೂಡಿಸಿದಾಗ ಗೊಂಚಲು ಹೆಚ್ಚಾಗಿ ಆರು ಮತ್ತು ಏಳನೆಯ ಕಣ್ಣುಗಳಲ್ಲಿತ್ತು. ಹಿಂದಿನ ವರ್ಷ ಕತ್ತರಿ ಬಿದ್ದದ್ದು ಐದರ ಮುಂದೆ. ಈ ಸಲ ಏಳನ್ನು ಉಳಿಸಿ ಕತ್ತರಿಸುವುದೆಂದು ಮಾವ ಹೇಳಿದರು. ಹೇಳಿದ್ದು ನನಗಲ್ಲ, ಮಗನಿಗೆ.

ಇದನ್ನು ಬರೆಯುವಾಗ ಚಾಟ್ನಿ ಮುಗಿದು ಹನ್ನೆರಡು ದಿನ. ಕಣ್ಣುಗಳು ಉಬ್ಬಿವೆಯಂತೆ, ಗೊಂಚಲು ಹೊರಗೆ ಕಾಣಲು ಇನ್ನೂ ಒಂದು ವಾರ ಬೇಕು. ನಿನ್ನೆ ಅತ್ತೆ ದೂರವಾಣಿಯಲ್ಲಿ ಮಾತನಾಡಿದರು. ಗುಳೇದಗುಡ್ಡದ ಹಳೆಯ ಖಣದಲ್ಲಿ ಯಂತ್ರಕ್ಕೊಂದು ಕುಲಾವಿ ಹೊಲಿದಿದ್ದಾರೆ. ಬೆಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. "ಆ ಒರಸೋ ಕಾಗದ ಮುಗದಾವ್ರಿ, ಮುಂದಿನ ಐತ್ವಾರ ಬರೂ ಮುಂದ ತಗೊಂಡ್ ಬರ್ರಿ" ಎಂದರು.